ಮಿಕ್ಸಿ ಬಿಚ್ಚುವ ಮೊದಲು: ಮಗಳಿಗೊಂದು ಪತ್ರ

ತಂಗೀ,

ನೀನು ನಿಂತುಹೋದ ಮಿಕ್ಸಿ ಬಿಚ್ಚಿ ಹರವಿಕೊಂಡು ಕೂತ ಫೋಟೋ ನೋಡಿದೆ. ಅಪ್ಪಯ್ಯನಿಗೆ ಗಾಬರಿ, ನನಗೆ ಖುಷಿ. ರಿಪೇರಿ ಬೇಡ ಅಂತ ಹೇಳುವವಳು ನಾನಲ್ಲ. ಆದರೆ ಫೋಟೋದಲ್ಲಿ ಪ್ಲಗ್ ಇನ್ನೂ ಸಾಕೆಟ್‌ನಲ್ಲೇ ಇತ್ತು! ಸ್ವಿಚ್ ಆಫ್ ಮಾಡಿದ್ದೇನಲ್ಲ ಆಯೀ ಅಂತೀಯ, ಗೊತ್ತು.

ಸ್ವಿಚ್ ತಡೆಯೋದು ಒಂದೇ ತಂತಿಯನ್ನು. ಅದು ಕರೆಂಟ್ ತರುವ ತಂತಿ, ಅಂದರೆ ಫೇಸ್ ಆಗಿರಬೇಕು. ವೈರಿಂಗ್ ಮಾಡಿದವನು ಅವಸರದಲ್ಲಿ ಕರೆಂಟ್ ವಾಪಸ್ ಹೋಗುವ ತಂತಿಗೆ, ಅಂದರೆ ನ್ಯೂಟ್ರಲ್‌ಗೆ ಸ್ವಿಚ್ ಕೊಟ್ಟಿದ್ದರೆ, ಆಫ್ ಮಾಡಿದ ಮೇಲೂ ಮಿಕ್ಸಿ ಒಳಗೆ 230 ವೋಲ್ಟ್ ಇದ್ದೇ ಇರುತ್ತದೆ. ಮೋಟಾರ್ ತಿರುಗೋದಿಲ್ಲ, ಮುಟ್ಟಿದರೆ ಹೊಡೆಯುತ್ತದೆ. ಕಾರವಾರದ ಕೋಡಿಬಾಗದ ಆ ಹಳೇ ಬಾಡಿಗೆ ಮನೆಗೆ ಯಾರು ವೈರಿಂಗ್ ಮಾಡಿದ್ದರೋ ಏನೋ. ಅದಕ್ಕೇ ಪ್ಲಗ್ ಕಿತ್ತು, ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲೇ ಇಟ್ಟುಕೊಂಡು ಆಮೇಲೆ ಸ್ಕ್ರೂಗೆ ಕೈ ಹಾಕು.

ಮಳೆಗಾಲದಲ್ಲಿ ಕರೆಂಟ್ ಹೋದಾಗ 'ಈಗ ಬಿಚ್ಚಬಹುದು' ಅನ್ನಿಸುತ್ತದೆ. ಬೇಡ. ನಮ್ಮ ಕಡೆ ಅದು ಹೇಳಿ ಹೋಗೋದೂ ಇಲ್ಲ, ಕೇಳಿ ಬರೋದೂ ಇಲ್ಲ. ಇನ್ವರ್ಟರ್ ಇರುವ ಮನೆಯಲ್ಲಂತೂ ಮೇನ್ ಇಳಿಸಿದರೂ ಕೆಲವು ಲೈನಿನಲ್ಲಿ ಕರೆಂಟ್ ಓಡುತ್ತಿರುತ್ತದೆ.

ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್, ಎಂಸಿಬಿ ಇದೆಯಲ್ಲ ಅಂತ ಧೈರ್ಯ ಮಾಡಬೇಡ. 16 ಆಂಪ್‌ನ ಎಂಸಿಬಿ ಇರೋದು ತಂತಿ ಸುಡದಿರಲಿ ಅಂತ. ಮನುಷ್ಯನ ಜೀವ ತೆಗೆಯೋಕೆ ಒಂದು ಆಂಪ್ ಕೂಡ ಬೇಡ, ಅಷ್ಟಕ್ಕೆಲ್ಲ ಅದು ಬೀಳುವುದೇ ಇಲ್ಲ. ನಮ್ಮನ್ನು ಕಾಯೋದು ಸೋರಿಕೆ ಹಿಡಿಯುವ ಸ್ವಿಚ್, ಆರ್‌ಸಿಸಿಬಿ. ಹೋದ ಕರೆಂಟ್ ಪೂರ್ತಿ ವಾಪಸ್ ಬಂತಾ ಅಂತ ಅದು ನೋಡುತ್ತಲೇ ಇರುತ್ತದೆ. 30 ಮಿಲಿಆಂಪ್ ನಮ್ಮ ಮೈ ಮೂಲಕ ನೆಲಕ್ಕೆ ಸೋರಿದರೂ ಸಾಕು, ಲೈನ್ ಕಡಿಯುತ್ತದೆ. ಆದರೆ ಒಂದು ಕೈ ಫೇಸ್‌ಗೆ, ಇನ್ನೊಂದು ಕೈ ನ್ಯೂಟ್ರಲ್‌ಗೆ ತಾಗಿದರೆ ಅದಕ್ಕೂ ಗೊತ್ತಾಗೋದಿಲ್ಲ. ನಿನ್ನ ಮನೆಯ ಬೋರ್ಡಿನಲ್ಲಿ 'ಟೆಸ್ಟ್' ಬಟನ್ ಇರುವ ಡಬ್ಬಿ ಇದೆಯಾ ನೋಡು, ಅದೇ ಇದು. ಇದ್ದರೆ ತಿಂಗಳಿಗೊಮ್ಮೆ ಒತ್ತು, ಪಟ್ಟಂತ ಬೀಳಬೇಕು. ಇಲ್ಲದಿದ್ದರೆ ಮನೆ ಮಾಲೀಕರ ಹತ್ತಿರ ಹಾಕಿಸಿಕೊಡಿ ಅಂತ ಕೇಳು, ಸಂಕೋಚ ಬೇಡ.

ಕಾರವಾರದ ಉಪ್ಪುಗಾಳಿ ಶಿರಸಿಯ ಹಾಗಲ್ಲ. ಪ್ಲಗ್ಗಿನ ಹಿತ್ತಾಳೆ ಪಿನ್‌ಗೆ ಹಸಿರು ಕಿಲುಬು ಹಿಡಿದಿದ್ದರೆ, ಬುಡ ಕಪ್ಪಾಗಿದ್ದರೆ, ಅಲ್ಲಿ ಬಿಸಿ ಆಗುತ್ತಿದೆ ಅಂತಲೇ ತಿಳಿ. ಉಜ್ಜಿ ಬಳಸಬೇಡ, ಬದಲಾಯಿಸು. ಇಸ್ತ್ರಿಪೆಟ್ಟಿಗೆಯ ಮೂರನೇ ಪಿನ್ ಮುರಿದು ಎರಡು ಪಿನ್ ಸಾಕೆಟ್‌ಗೆ ತುರುಕುವ ಬುದ್ಧಿವಂತರಿದ್ದಾರೆ, ಅವರ ಮಾತು ಕೇಳಬೇಡ. ಆ ದಪ್ಪ ಪಿನ್ನೇ ಅರ್ಥ್, ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯೋದು.

ಮೈಕ್ರೋವೇವ್ ಮಾತ್ರ ಬಿಚ್ಚಲೇಬೇಡ. ಪ್ಲಗ್ ಕಿತ್ತ ಮೇಲೂ ಅದರೊಳಗೆ ಕರೆಂಟ್ ಕೂಡಿಡುವ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದು ನನಗೂ ಬೇಡ, ನಿನಗೂ ಬೇಡ.

ಇನ್ನು ನಿನ್ನ ಮಿಕ್ಸಿ. ತಳದಲ್ಲಿ ಒಂದು ಸಣ್ಣ ಬಟನ್ ಇರುತ್ತದೆ, ಲೋಡ್ ಜಾಸ್ತಿಯಾದರೆ ಹೊರಗೆ ಚಿಮ್ಮುತ್ತದೆ. ಮೊದಲು ಅದನ್ನು ಒತ್ತಿ ನೋಡಿದೆಯಾ? ಗಟ್ಟಿ ಕೊಬ್ಬರಿ ಹಾಕಿ ಓಡಿಸಿದಾಗ ನಮ್ಮನೆಯದೂ ಹೀಗೇ ನಿಲ್ಲುತ್ತದೆ. ಅದಲ್ಲ ಅಂತಾದರೆ ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಕೊಡುವ ಕಾರ್ಬನ್ ಬ್ರಷ್ ಸವೆದಿರಬಹುದು. ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ ಜೋಡಿ ತಾ. ಒಂದನ್ನೇ ಬದಲಾಯಿಸಬೇಡ.

ಜೋಡಿಸಿದ ಮೇಲೆ ಫೋಟೋ ಕಳಿಸು. ಈ ಸಲ ಪ್ಲಗ್ ಎಲ್ಲಿದೆ ಅಂತಲೇ ಮೊದಲು ನೋಡುತ್ತೇನೆ.

ನಿನ್ನ,
ಆಯಿ