ಕಲ್ಲಿದ್ದಲು ಮಾದರಿಗಳ ಮೀಥೇನ್ ಅಧಿಶೋಷಣೆ ಪರೀಕ್ಷೆಯಲ್ಲಿ ಆಗಿರುವ ಲೋಪದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಕಲ್ಲಿದ್ದಲು ಪರೀಕ್ಷಾ ವಿಭಾಗ

ಮಾನ್ಯರೇ,

ಝರಿಯಾ ಮತ್ತು ರಾಣಿಗಂಜ್ ಕ್ಷೇತ್ರಗಳ ಕಲ್ಲಿದ್ದಲು ಮಾದರಿಗಳನ್ನು ನಮ್ಮ ಸಂಶೋಧನೆಗಾಗಿ ತಮ್ಮ ಪ್ರಯೋಗಾಲಯಕ್ಕೆ ಕಳುಹಿಸಿ, ಪೂರ್ಣ ಶುಲ್ಕವನ್ನು ಮುಂಗಡವಾಗಿಯೇ ಪಾವತಿಸಿದ್ದೆವು. ಮಾದರಿಗಳನ್ನು 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಾಗೂ ಶೇ. 96ರಿಂದ 97ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿಟ್ಟು, ಸಮತೋಲ ತೇವಾಂಶಕ್ಕೆ (ಆ ಸ್ಥಿತಿಯಲ್ಲಿ ಕಲ್ಲಿದ್ದಲು ಹಿಡಿದಿಟ್ಟುಕೊಳ್ಳುವಷ್ಟು ನೀರಿಗೆ) ತಂದ ನಂತರವೇ ಮೀಥೇನ್ ಅಧಿಶೋಷಣೆಯನ್ನು, ಅಂದರೆ ಕಲ್ಲಿದ್ದಲಿನ ಮೇಲ್ಮೈಗೆ ಅಂಟಿ ನಿಲ್ಲುವ ಮೀಥೇನ್ ಪ್ರಮಾಣವನ್ನು, ಅಳೆಯಬೇಕೆಂದು ಕಾರ್ಯಾದೇಶದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಎಲ್ಲ ಮಾದರಿಗಳನ್ನೂ 105 ಡಿಗ್ರಿಯ ಓವನ್‌ನಲ್ಲಿ ಒಣಗಿಸಿ ಅಳೆಯಲಾಗಿದೆ ಎಂದು ತಮ್ಮ ವರದಿಯ ಅನುಬಂಧವೇ ಹೇಳುತ್ತದೆ.

ಇದು ಸಣ್ಣ ವ್ಯತ್ಯಾಸವೆಂದು ತಮ್ಮ ಸಿಬ್ಬಂದಿ ದೂರವಾಣಿಯಲ್ಲಿ ಕೊಟ್ಟ ಉತ್ತರವನ್ನು ನಾವು ಒಪ್ಪುವುದಿಲ್ಲ. ಮೀಥೇನ್ ಅಣುಗಳು 2 ನ್ಯಾನೊಮೀಟರಿಗಿಂತ ಕಿರಿದಾದ ರಂಧ್ರಗಳಲ್ಲಿ ವಾನ್ ಡರ್ ವಾಲ್ಸ್ ಎಂಬ ದುರ್ಬಲ ಆಕರ್ಷಣೆಯೊಂದರಿಂದಲೇ ನಿಂತಿರುತ್ತವೆ; ನೀರಾದರೋ ಕಲ್ಲಿದ್ದಲಿನ ಹೈಡ್ರಾಕ್ಸಿಲ್ ಮತ್ತು ಕಾರ್ಬಾಕ್ಸಿಲ್ ಗುಂಪುಗಳಿಗೆ ಹೈಡ್ರೋಜನ್ ಬಂಧದಿಂದ ಬಿಗಿಯಾಗಿ ಅಂಟಿಕೊಂಡು, ಮೀಥೇನ್ ಸೇರಬೇಕಾದ ಜಾಗವನ್ನು ಮೊದಲೇ ಆಕ್ರಮಿಸಿರುತ್ತದೆ. ಕಲ್ಲಿದ್ದಲು ಪಕ್ವವಾದಂತೆ ಈ ಆಮ್ಲಜನಕಯುಕ್ತ ಗುಂಪುಗಳು ಕಳೆದುಹೋಗಿ ಆರೊಮ್ಯಾಟಿಕ್ (ಇಂಗಾಲದ ಉಂಗುರಗಳ) ರಚನೆ ಹೆಚ್ಚುವುದರಿಂದ, ಝರಿಯಾದ ಕೋಕಿಂಗ್ ಕಲ್ಲಿದ್ದಲಿನಲ್ಲಿ ಸಹಜ ತೇವಾಂಶ ಕಡಿಮೆ, ಅಷ್ಟು ಪಕ್ವವಾಗದ ರಾಣಿಗಂಜ್ ಕಲ್ಲಿದ್ದಲಿನಲ್ಲಿ ಹೆಚ್ಚು. ಎರಡನ್ನೂ ಒಣಗಿಸಿಬಿಟ್ಟರೆ ರಾಣಿಗಂಜ್ ಮಾದರಿಗೆ ಗಣಿಯೊಳಗೆ ಎಂದೂ ಇಲ್ಲದ, ಮೀಥೇನ್ ಹಿಡಿದಿಡುವ ಸಾಮರ್ಥ್ಯ ಬಂದಂತೆ ಕಾಣುತ್ತದೆ. ತಮ್ಮ ವರದಿಯ ಅಧಿಶೋಷಣೆ ನಕ್ಷೆಯಲ್ಲಿ (ಗ್ರಾಫ್) ಎರಡೂ ಕ್ಷೇತ್ರಗಳ ರೇಖೆಗಳು ಹೆಚ್ಚುಕಡಿಮೆ ಒಂದರ ಮೇಲೊಂದು ಕೂತಿರುವುದು ಇದರಿಂದಲೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಾವು ಅಳೆಸಲು ಬಯಸಿದ ವ್ಯತ್ಯಾಸವೇ ಓವನ್‌ನಲ್ಲಿ ಆವಿಯಾಗಿ ಹೋಗಿದೆ.

ಹೀಗೆ ಉಬ್ಬಿದ ಸಾಮರ್ಥ್ಯದೊಂದಿಗೆ ಕಲ್ಲಿದ್ದಲು ಪದರದಿಂದ ನಿಜವಾಗಿ ಹೊರಬಂದ ಅನಿಲವನ್ನು ಹೋಲಿಸಿದರೆ, ಆ ಪದರ ಅರೆಬರೆ ತುಂಬಿದೆಯೆಂದು, ಒತ್ತಡ ಸಾಕಷ್ಟು ಇಳಿಯುವವರೆಗೆ ಅನಿಲ ಬಿಡುವುದಿಲ್ಲವೆಂದು ತಪ್ಪು ತೀರ್ಮಾನ ಹುಟ್ಟುತ್ತದೆ. ಗಾಳಿಯಲ್ಲಿ ಶೇ. 5ರಿಂದ 15ರಷ್ಟು ಸೇರಿದರೆ ಸ್ಫೋಟಿಸುವ ಅನಿಲದ ವಿಷಯದಲ್ಲಿ ಇಂಥ ತಪ್ಪಿಗೆ ಆಸ್ಪದ ಇರಕೂಡದು.

ಪುಡಿ ಮಾಡಿದ ಮಾದರಿಯನ್ನು ಆರ್ಗಾನ್ ತುಂಬಿದ ಡಬ್ಬಿಯ ಬದಲು ಸಾಮಾನ್ಯ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟದ್ದೂ ಸರಿಯಲ್ಲ. ಗಾಳಿಗೆ ಒಡ್ಡಿದ ಪುಡಿ ಉತ್ಕರ್ಷಣೆಗೊಂಡು ಹೊಸ ಆಮ್ಲಜನಕ ಗುಂಪುಗಳನ್ನು ಗಳಿಸಿಕೊಳ್ಳುತ್ತದೆ. ವಿಟ್ರಿನೈಟ್ (ಮರದ ಅಂಶದಿಂದ ಬಂದ, ಕಲ್ಲಿದ್ದಲಿನ ಹೊಳೆಯುವ ಘಟಕ) ಪ್ರಮಾಣವನ್ನು ವರದಿಯಲ್ಲಿ ಕೊಟ್ಟಿಲ್ಲ. ಕಲ್ಲಿದ್ದಲು ಹಿಡಿದಿಡಬಲ್ಲ ಗರಿಷ್ಠ ಅನಿಲವನ್ನು ಸೂಚಿಸುವ ಲ್ಯಾಂಗ್ಮ್ಯೂರ್ ಪರಿಮಾಣವಿದೆ, ಅದರ ಅರ್ಧದಷ್ಟು ತುಂಬುವ ಒತ್ತಡವನ್ನು ಸೂಚಿಸುವ ಲ್ಯಾಂಗ್ಮ್ಯೂರ್ ಒತ್ತಡವಿಲ್ಲ. ಕೊಟ್ಟಿರುವ ಪರಿಮಾಣವಾದರೂ ಬೂದಿಯನ್ನು ಕಳೆದ ಲೆಕ್ಕವೋ ಸೇರಿಸಿದ ಲೆಕ್ಕವೋ ತಿಳಿಯುವುದಿಲ್ಲ.

ಆದ್ದರಿಂದ ಸದರಿ ವರದಿಯನ್ನು ಲಿಖಿತವಾಗಿ ಹಿಂಪಡೆದು, ತಮ್ಮಲ್ಲಿ ಉಳಿದಿರುವ ಒಡೆಯದ ತುಂಡುಗಳಿಂದ ಹೊಸದಾಗಿ ಪುಡಿ ತಯಾರಿಸಿ, ಕಾರ್ಯಾದೇಶದಂತೆ ತಮ್ಮದೇ ವೆಚ್ಚದಲ್ಲಿ ಮರುಪರೀಕ್ಷೆ ನಡೆಸಬೇಕೆಂದು ಕೋರುತ್ತೇವೆ. ಅದು ಸಾಧ್ಯವಿಲ್ಲವಾದರೆ, ಈ ಪತ್ರ ತಲುಪಿದ 15 ದಿನಗಳೊಳಗೆ ಪೂರ್ಣ ಶುಲ್ಕವನ್ನು ಹಿಂದಿರುಗಿಸಿ, ಉಳಿದ ತುಂಡುಗಳನ್ನು ಗಾಳಿಯಾಡದಂತೆ ಮುಚ್ಚಿ ಕಳುಹಿಸಿಕೊಡಿ.

ತಮ್ಮ ವಿಶ್ವಾಸಿ,
ಸಂಶೋಧನಾ ತಂಡದ ಪರವಾಗಿ