ಎರಡು ಸಾಲಿನ ದಿನಚರಿಗೆ ಚಿನ್ನದ ನಿಬ್ಬು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ದುಬಾರಿ ಪೆನ್ನುಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಮೊದಲಿಂದ ಕೊನೆವರೆಗೂ ಮಾಂಟ್ ಬ್ಲಾಂಕ್ ಅನ್ನುವ ಒಂದೇ ಕಂಪನಿಯ ಪೆನ್ನು. ಫೋಟೊದಲ್ಲಿದ್ದ ಪೆನ್ನುಗಳೆಲ್ಲ ವೆಲ್ವೆಟ್ ಡಬ್ಬಿಯಲ್ಲಿ ಮಲಗಿದ್ದವು. ಒಂದರ ನಿಬ್ಬಿಗೂ ಇಂಕು ತಾಗಿದ ಹಾಗೆ ಕಾಣಲಿಲ್ಲ. ನನ್ನ ಹತ್ತಿರವೂ ಒಂದು ಚಿನ್ನದ ನಿಬ್ಬಿನ ಪೆನ್ನು ಇದೆ. ಅದು ದಿನಾ ಬರೆಯುತ್ತದೆ. ಅದರ ಹೆಸರು ಎಲ್ಲೂ ಬರಲಿಲ್ಲವಲ್ಲ ಅಂತ ಈ ಪತ್ರ.

ನಾನು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರ. ಮೂವತ್ತು ವರ್ಷದಿಂದ ದಿನಚರಿ ಬರೆಯುತ್ತಿದ್ದೇನೆ. ದಿನಚರಿ ಅಂದರೆ ಭಾರಿ ಏನಲ್ಲ. ಮಳೆ ಎಷ್ಟು ಮಿಲಿಮೀಟರ್, ಆಳು ಎಷ್ಟು ಜನ, ಕೊಳೆರೋಗದ ಔಷಧಿ ಬೋರ್ಡೊ ಎಷ್ಟು ಡ್ರಮ್ ಹೊಡೆದಾಯಿತು, ಯಾರಿಗೆ ಎಷ್ಟು ಮುಂಗಡ. ರಾತ್ರಿ ಊಟ ಆದ ಮೇಲೆ ಎರಡು ಸಾಲು, ಜಾಸ್ತಿ ಅಂದರೆ ನಾಲ್ಕು. ಇಷ್ಟು ಕಮ್ಮಿ ಬರೆಯುವವನಿಗೆ ಇಂಕ್ ಪೆನ್ನು ಒಗ್ಗುವುದಿಲ್ಲ. ಮರುದಿನ ರಾತ್ರಿ ಹೊತ್ತಿಗೆ ನಿಬ್ಬಿನ ತುದಿಯಲ್ಲಿ ಇಂಕು ಒಣಗಿರುತ್ತದೆ. ಜಾಡಿಸಬೇಕು. ನಮ್ಮ ಜಗಲಿ ಗೋಡೆಯ ಮೇಲೆ ಆ ನೀಲಿ ಚುಕ್ಕೆಗಳು ಇನ್ನೂ ಇವೆ. ಬೇಸತ್ತು ಎಷ್ಟೋ ವರ್ಷ ಬಾಲ್ ಪೆನ್ನಿಗೇ ಬಿದ್ದಿದ್ದೆ. ಅದರಲ್ಲಿ ಗುಂಡು ಉರುಳಬೇಕಾದರೆ ಒತ್ತಬೇಕು. ಹೆಬ್ಬೆರಳ ಬುಡ ನೋಯಲು ಶುರುವಾದ ಮೇಲೆ ಆ ಒತ್ತುವುದೇ ದೊಡ್ಡ ಕೆಲಸವಾಯಿತು.

ಆರು ವರ್ಷದ ಹಿಂದೆ ಮಗಳು ಆಫೀಸಿನ ಕೆಲಸದ ಮೇಲೆ ಟೋಕಿಯೊಗೆ ಹೋದಳು. "ಅಪ್ಪಯ್ಯ, ಏನು ತರಲಿ?" ಅಂತ ಫೋನು ಮಾಡಿದಳು. ಪ್ಲಾಟಿನಂ 3776 ಸೆಂಚುರಿ ಅಂತ ಒಂದು ಪೆನ್ನು ಬರುತ್ತದೆ, ಅದರ ಸಣ್ಣ ನಿಬ್ಬಿನದು ತಾ ಅಂದೆ. ಹೆಸರು ಪ್ಲಾಟಿನಂ, ನಿಬ್ಬು ಮಾತ್ರ 14 ಕ್ಯಾರೆಟ್ ಚಿನ್ನ. ಕಂಪನಿ 1919ರಲ್ಲಿ ಶುರುವಾದದ್ದು. ಈ ಸೆಂಚುರಿ ಮಾದರಿ ಬಂದದ್ದು 2011ರಲ್ಲಿ. ಬೆಲೆ ಕೇಳಿ ನಮ್ಮ ಮನೆಯವಳು, "ಅಷ್ಟು ದುಡ್ಡಿಗೆ ಒಂದು ಒಳ್ಳೆ ಗ್ರೈಂಡರ್ ಬರುತ್ತಿತ್ತು" ಅಂದಳು. ಸುಳ್ಳಲ್ಲ.

ಈ ಪೆನ್ನಿನ ಗುಟ್ಟೆಲ್ಲ ಟೋಪಿಯಲ್ಲಿದೆ. ಟೋಪಿಯೊಳಗೆ ಇನ್ನೊಂದು ಚಿಕ್ಕ ಟೋಪಿ, ಅದಕ್ಕೊಂದು ಸ್ಪ್ರಿಂಗು. ತಿರುಗಿಸಿ ಮುಚ್ಚಿದಾಗ ಒಳಟೋಪಿ ನಿಬ್ಬಿನ ಸುತ್ತ ಗಾಳಿಯಾಡದ ಹಾಗೆ ಒತ್ತಿ ಕೂರುತ್ತದೆ. ಎರಡು ವರ್ಷ ಸುಮ್ನೆ ಇಟ್ಟರೂ ಇಂಕು ಒಣಗುವುದಿಲ್ಲ ಅನ್ನುವುದು ಕಂಪನಿಯ ಮಾತು. ಎರಡು ವರ್ಷದ ಪರೀಕ್ಷೆ ನಾನು ಮಾಡಿಲ್ಲ. ಮೊಮ್ಮಗ ಹುಟ್ಟಿದಾಗ ಬೆಂಗಳೂರಿಗೆ ಹೋಗಿ ನಲವತ್ತು ದಿನ ಇದ್ದು ಬಂದೆ. ಪೆನ್ನು ಮೇಜಿನ ಮೇಲೇ ಇತ್ತು. ತೆಗೆದು ಬರೆದರೆ ಮೊದಲ ಅಕ್ಷರದ ಮೊದಲ ಗೆರೆಯೂ ತಪ್ಪಲಿಲ್ಲ.

ಇನ್ನು ನಿಬ್ಬು. ಜಪಾನಿನ ಅಕ್ಷರಗಳಲ್ಲಿ ಗೆರೆಗಳು ಒತ್ತೊತ್ತಾಗಿರುತ್ತವೆ, ಹಾಗಾಗಿ ಅವರ ಸಣ್ಣ ನಿಬ್ಬು ಯುರೋಪಿನದಕ್ಕಿಂತ ಸಣ್ಣ. ಇದು ನಮ್ಮ ಕನ್ನಡಕ್ಕೆ ಹೇಳಿ ಮಾಡಿಸಿದ್ದು. ದಪ್ಪ ನಿಬ್ಬಿನಲ್ಲಿ 'ರಾಷ್ಟ್ರ' ಅಂತ ಒಂದು ಸಲ ಚಿಕ್ಕದಾಗಿ ಬರೆದು ನೋಡಿ. ಒತ್ತಕ್ಷರ ಎರಡೂ ಸೇರಿ ಒಂದು ಮಸಿಯ ಉಂಡೆ ಆಗುತ್ತದೆ. 'ಅ'ಕಾರದ ಹೊಟ್ಟೆಯೂ ಮುಚ್ಚಿಹೋಗುತ್ತದೆ. ಇದರಲ್ಲಿ ಹಾಗಲ್ಲ, ಡೈರಿಯ ಕಿರುಸಾಲಿನಲ್ಲೂ ಒತ್ತು ಬೇರೆ, ಸುಳಿ ಬೇರೆ. ಬೆಣ್ಣೆಯಂತೆ ಜಾರುವ ಪೆನ್ನು ಬೇಕು ಅನ್ನುವವರಿಗೆ ಇದು ಹಿಡಿಸದು. ಕಾಗದದ ಮೇಲೆ ಪೆನ್ಸಿಲ್ ಓಡಿದ ಹಾಗೆ ಕೈಗೆ ತಿಳಿಯುತ್ತದೆ. ನನಗೆ ಅದೇ ಇಷ್ಟ.

ಮೊದಲ ಮಳೆಗಾಲದಲ್ಲಿ ನಾನೊಂದು ಎಡವಟ್ಟು ಮಾಡಿಕೊಂಡೆ. ಮಳೆಮಾಪಕ ನೋಡಿ ಬಂದ ಒದ್ದೆ ಕೈಯಲ್ಲೇ ಪುಟ ತಿರುಗಿಸಿದ್ದು. ಜುಲೈನ ಹನ್ನೊಂದು ದಿನದ ಲೆಕ್ಕ ನೀಲಿ ನೀರಾಯಿತು. ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆದ ತಾರೀಖೂ ಅದರಲ್ಲೇ ಹೋಯಿತು. ಆಮೇಲೆ ಅದೇ ಕಂಪನಿಯ ಕಾರ್ಬನ್ ಕಪ್ಪು ಇಂಕು ತರಿಸಿದೆ. ಒಣಗಿದ ಮೇಲೆ ನೀರು ಬಿದ್ದರೂ ಅದು ಕದಲುವುದಿಲ್ಲ. ಬೇರೆ ಪೆನ್ನಿಗೆ ಇದನ್ನು ಹಾಕಲು ಹೆದರಿಕೆ, ಒಳಗೇ ಒಣಗಿದರೆ ನಿಬ್ಬಿನ ಕೆಳಗೆ ಇಂಕು ಹರಿಸುವ ನಾಲಿಗೆಯ ಸಂದು ಕಟ್ಟಿಕೊಳ್ಳುತ್ತದೆ. ಇಲ್ಲಿ ಆ ಟೋಪಿಯ ಧೈರ್ಯ ಇದೆ. ಆದರೂ ತಿಂಗಳಿಗೊಮ್ಮೆ ತಣ್ಣೀರಲ್ಲಿ ತೊಳೆಯುತ್ತೇನೆ. ಅಂದಹಾಗೆ ಮಸಿ ಅಂದರೆ ಕಾಡಿಗೆ, ಕರಿ ಅಂತಲೂ ಅರ್ಥ ಇದೆ. ಹಾಗೆ ನೋಡಿದರೆ ಈ ಕಾರ್ಬನ್ ಇಂಕೇ ನಿಜವಾದ ಮಸಿ, ಅಲ್ವಾ?

ಇಷ್ಟೆಲ್ಲ ಇದ್ದೂ ಇದನ್ನು ಯಾರೂ ಹೊಗಳುವುದಿಲ್ಲ ಯಾಕೆ? ನೋಡಲು ಏನೂ ಇಲ್ಲ, ಅದಕ್ಕೆ. ಕಪ್ಪು ಮೈ, ಚಿನ್ನದ ಬಣ್ಣದ ಪಟ್ಟಿ, ಎತ್ತಿದರೆ ಹಗುರ. ಬ್ಯಾಂಕಿನಲ್ಲಿ ಒಬ್ಬರು ಸಹಿಗೆ ಇಸಿದುಕೊಂಡು, "ಪ್ಲಾಸ್ಟಿಕ್ಕಾ?" ಅಂದರು. ಹೌದು ಅಂದೆ. ಅವರು ಕೂಡಲೇ ವಾಪಸ್ ಕೊಟ್ಟರು, ಅದೂ ಒಂದು ಲಾಭ. ಮಾಂಟ್ ಬ್ಲಾಂಕ್ ಟೋಪಿಯ ಬಿಳಿ ನಕ್ಷತ್ರವನ್ನಾದರೆ ದೂರದಿಂದಲೇ ಗುರುತು ಹಿಡಿಯುತ್ತಾರೆ. ಅವರ ಮೈಸ್ಟರ್‌ಷ್ಟುಕ್ ಅನ್ನುವ ಪೆನ್ನಿನ ನಿಬ್ಬಿನ ಮೇಲೆ 4810 ಅಂತ ಇರುತ್ತದೆ, ಅದು ಮಾಂಟ್ ಬ್ಲಾಂಕ್ ಬೆಟ್ಟದ ಎತ್ತರ. ನನ್ನದರ 3776 ಫ್ಯೂಜಿ ಬೆಟ್ಟದ ಎತ್ತರ. ಎತ್ತರದಲ್ಲಿ 1,034 ಮೀಟರ್ ಕಮ್ಮಿ, ಬೆಲೆಯಲ್ಲಿ ಅದಕ್ಕಿಂತ ಎಷ್ಟೋ ತಗ್ಗು. ನಮ್ಮವರು ಯಾರಾದರೂ ಮುಳ್ಳಯ್ಯನಗಿರಿ ಹೆಸರಲ್ಲಿ ಒಂದು ಪೆನ್ನು ಮಾಡಿ 1930 ಅಂತ ಕೆತ್ತಿದರೆ ಮೊದಲ ಗಿರಾಕಿ ನಾನೇ.

ದೂರು ಒಂದೇ. ಇದಕ್ಕೆ ಕಂಪನಿಯ ಕಾರ್ಟ್ರಿಜ್ಜೇ (ಇಂಕು ತುಂಬಿದ ಕೊಳವೆ) ಆಗಬೇಕು, ಬೇರೆಯದು ನೇರವಾಗಿ ಕೂರುವುದಿಲ್ಲ. ಹಾಗಾಗಿ ಇಂಕು ಎಳೆದುಕೊಳ್ಳುವ ಕನ್ವರ್ಟರ್ ಹಾಕಿ ಬಾಟಲಿಯಿಂದ ತುಂಬಿಸುತ್ತೇನೆ. ನಮ್ಮ ಪೇಟೆಯ ಅಂಗಡಿಯಲ್ಲಿ ಕೇಳಿದರೆ, "ಇಂಕ್ ಬಾಟಲಿ ಯಾರು ಕೇಳ್ತಾರೆ ಸಾರ್, ತರಿಸೋದೇ ಬಿಟ್ಟಿದ್ದೀವಿ" ಅನ್ನುತ್ತಾರೆ. ಮುಂದಿನ ಸಲ ಪೆನ್ನಿನ ಬಗ್ಗೆ ಬರೆಸುವಾಗ, ಶಿವಮೊಗ್ಗದಿಂದ ಈಚೆಗೆ ಇಂಕು ಎಲ್ಲಿ ಸಿಗುತ್ತದೆ ಅಂತಲೂ ಒಂದು ಸಾಲು ಬರೆಸಿ. ನನ್ನ ಬಾಟಲಿ ಅರ್ಧಕ್ಕೆ ಬಂದಿದೆ, ಮಳೆಗಾಲ ಇನ್ನೂ ಎದುರಿಗಿದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ತೀರ್ಥಹಳ್ಳಿ ತಾಲ್ಲೂಕು