ಟೂಟಿ ಫ್ರೂಟಿ ಮಾರಿದವನು ವೆರೋನಾದಲ್ಲಿ ಕಂಡದ್ದು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಯುರೋಪಿನ ಕ್ರಿಸ್‌ಮಸ್ ಮಾರುಕಟ್ಟೆಗಳ ಬಗ್ಗೆ ಬಂದ ಲೇಖನವನ್ನು ಓದಿದೆ. ಚಿತ್ರಗಳು ಚೆನ್ನಾಗಿದ್ದವು. ಆದರೆ ಇಟಲಿಯ ಪಾಲಿಗೆ ಲೇಖಕರು ಬಿಟ್ಟುಕೊಟ್ಟದ್ದು ಎರಡೇ ವಾಕ್ಯ. ಇಂಥ ಮಾರುಕಟ್ಟೆ ನೋಡಬೇಕಾದರೆ ಜರ್ಮನಿಗೇ ಹೋಗಬೇಕು, ಇಟಲಿಯಲ್ಲಿರುವುದು ಅದರ ನಕಲು ಎಂಬುದು ಒಂದು. ಸಸ್ಯಾಹಾರಿಗಳಿಗೆ ಅಲ್ಲಿ ಏನೂ ಸಿಗುವುದಿಲ್ಲ, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ ಎಂಬುದು ಇನ್ನೊಂದು. ಮೊದಲನೆಯದು ಅರ್ಧ ಸರಿ. ಎರಡನೆಯದನ್ನು ಮಾತ್ರ ಸುಮ್ಮನೆ ಬಿಡುವ ಮನಸ್ಸಾಗಲಿಲ್ಲ.

ಹೀಗೆ ಹೇಳಲು ನಾನು ಯಾರೆಂದು ಮೊದಲೇ ತಿಳಿಸಿಬಿಡುತ್ತೇನೆ. ತಿಪಟೂರಿನ ಹತ್ತಿರದ ಹಳ್ಳಿಯವನು. ಹನ್ನೆರಡನೆಯ ವಯಸ್ಸಿಗೆ ಹಾಸನದ ಕಡೆಯವರೊಬ್ಬರ ಅಯ್ಯಂಗಾರ್ ಬೇಕರಿಯಲ್ಲಿ ತಟ್ಟೆ ಉಜ್ಜುವ ಕೆಲಸಕ್ಕೆ ಸೇರಿದೆ. ಅಲ್ಲಿಂದ ಭಟ್ಟಿಯ ಮುಂದಕ್ಕೆ ಬಂದೆ, ಆಮೇಲೆ ತುಮಕೂರಿನಲ್ಲಿ ಸ್ವಂತ ಅಂಗಡಿ ಹಾಕಿದೆ. ಮೂವತ್ತೆಂಟು ವರ್ಷ ಬನ್ನು, ರಸ್ಕು, ಖಾರ ಬಿಸ್ಕತ್ತು, ದಿಲ್‌ಪಸಂದ್ ಮಾರಿದ್ದೇನೆ. ಅಷ್ಟೂ ವರ್ಷ ಅಂಗಡಿಯ ಹೊಸ್ತಿಲಿನ ಒಳಗೆ ಮೊಟ್ಟೆ ಬಂದಿಲ್ಲ. ಈಗ ಮಗ ನೋಡಿಕೊಳ್ಳುತ್ತಾನೆ. ನನಗೆ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಕುರ್ಚಿ ಇದೆ.

2019ರ ಡಿಸೆಂಬರ್‌ನಲ್ಲಿ ಮಗಳು ಇಟಲಿಯ ವೆರೋನಾಕ್ಕೆ ಕರೆಸಿಕೊಂಡಳು. ಅಳಿಯ ಅಲ್ಲಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಕಣ್ಣಿನ ಪೊರೆ ತೆಗೆಸಿಕೊಂಡು ನಾಲ್ಕು ತಿಂಗಳಾಗಿತ್ತಷ್ಟೆ. ಹೊಸ ಕಣ್ಣಿಗೆ ಮೊದಲು ಬಿದ್ದದ್ದು ಅರೇನಾದ ನಕ್ಷತ್ರ. ಅರೇನಾ ಎಂದರೆ ಸುಮಾರು ಎರಡು ಸಾವಿರ ವರ್ಷ ಹಳೆಯ ರೋಮನ್ ಕಲ್ಲಿನ ಬಯಲು ರಂಗಮಂದಿರ. ಅದರ ಒಳಗಿನಿಂದ ಒಂದು ಬೃಹತ್ ಉಕ್ಕಿನ ಬಾಲನಕ್ಷತ್ರ ಗೋಡೆಯ ಮೇಲಿಂದ ಕಮಾನಿನಂತೆ ಹಾರಿ, ಮುಂದಿನ ಪಿಯಾತ್ಸಾ ಬ್ರಾ ಎಂಬ ಚೌಕದಲ್ಲಿ ಬಂದು ಕೂತಿತ್ತು. 1984ರಲ್ಲಿ ಮೊದಲು ನಿಲ್ಲಿಸಿದ್ದಂತೆ. ಕಲ್ಲಿನ ಕಟ್ಟಡ ನಕ್ಷತ್ರವನ್ನು ಉಗುಳಿದ ಹಾಗೆ ಕಾಣುತ್ತದೆ ಎಂದೆ. ಮಗಳು, ಅಪ್ಪ ಹೀಗೆಲ್ಲ ಜೋರಾಗಿ ಹೇಳಬೇಡಿ, ಇಲ್ಲಿಯೂ ಕನ್ನಡದವರಿದ್ದಾರೆ ಎಂದಳು.

ಲೇಖಕರ ಮೊದಲ ಮಾತು ಅರ್ಧ ಸರಿ ಎಂದೆನಲ್ಲ, ಅದಕ್ಕೆ ಕಾರಣ ಪಿಯಾತ್ಸಾ ದೇಯ್ ಸಿಞೋರಿ ಎಂಬ ಇನ್ನೊಂದು ಚೌಕ. ನಡುವೆ ಕವಿ ದಾಂತೆಯ ಪ್ರತಿಮೆ, ಸುತ್ತ ಮರದ ಗೂಡಂಗಡಿಗಳು. ಈ ಮಾರುಕಟ್ಟೆ ಜರ್ಮನಿಯ ನ್ಯೂರೆಂಬರ್ಗ್ ನಗರದ ಸಹಯೋಗದಲ್ಲಿಯೇ ನಡೆಯುತ್ತದೆ, ಬಚ್ಚಿಡುವಂಥದ್ದೇನೂ ಇಲ್ಲ. ಶುಂಠಿ ಬಿಸ್ಕತ್ತು, ಗಾಜಿನ ಗುಂಡುಗಳು, ಲವಂಗ, ಚಕ್ಕೆ ಹಾಕಿ ಕಾಯಿಸಿದ ದ್ರಾಕ್ಷಾರಸ. ನಾನು ಕುಡಿಯುವವನಲ್ಲ, ಆದರೆ ಪರಿಮಳಕ್ಕೆ ಮೂಗೊಡ್ಡಿ ನಿಂತಿದ್ದೆ. ಕೆಳಗೆ ಇಷ್ಟೆಲ್ಲ ಗಲಾಟೆ ನಡೆದಿದ್ದರೂ ಮೇಲೆ ದಾಂತೆ ಗಲ್ಲಕ್ಕೆ ಕೈ ಕೊಟ್ಟು ಯೋಚಿಸುತ್ತಲೇ ಇದ್ದ.

ಊರಿನವರ ಜಾತ್ರೆ ಅದಲ್ಲ. ಅದು ಪಿಯಾತ್ಸಾ ಬ್ರಾದಲ್ಲಿ ಡಿಸೆಂಬರ್ 10ರಿಂದ 13ರವರೆಗೆ ನಡೆಯುವ ಸಾಂತಾ ಲುಚಿಯಾ ಸಂತೆ. ಅಲ್ಲಿ ಚೆಂದದ ಮರದ ಮನೆಗಳಿಲ್ಲ. ಸಾಲು ಸಾಲು ಗುಡಾರದಂಗಡಿಗಳು, ಪ್ಲಾಸ್ಟಿಕ್ ಆಟಿಕೆ, ಕಾಲುಚೀಲ, ಬಾಣಲೆ, ಮಿಠಾಯಿ, ಬಲೂನು. ಬಸವನಗುಡಿಯ ಕಡಲೆಕಾಯಿ ಪರಿಷೆಯನ್ನು ನೋಡಿದವರಿಗೆ ಮತ್ತೆ ವಿವರಿಸಬೇಕಾಗಿಲ್ಲ. ಪ್ರವಾಸಿಗಳ ಗುಂಪು ಜೂಲಿಯೆಟ್ಟಳ ಮನೆ ಎಂದು ತೋರಿಸುವ ಉಪ್ಪರಿಗೆಯ ಹತ್ತಿರ ಅರ್ಧ ಗಂಟೆ ನಿಲ್ಲುತ್ತದೆ. ಅಲ್ಲಿಂದ ಹತ್ತು ನಿಮಿಷ ನಡೆದರೆ ಸಿಗುವ ಈ ಸಂತೆಯಲ್ಲಿ ನಿಲ್ಲುವವರು ಅವರಲ್ಲಿ ಕಡಿಮೆ.

ವೆರೋನಾದ ಮಕ್ಕಳಿಗೆ ಉಡುಗೊರೆ ತರುವವಳು ಈ ಸಾಂತಾ ಲುಚಿಯಾ. ಕೆಂಪಂಗಿಯ ತಾತ ಅಲ್ಲಿ ಆಮೇಲೆ ಬಂದವನು. ಈಕೆ ಸಿಸಿಲಿಯ ಸಿರಾಕ್ಯೂಸಿನ ಸಂತಳು, ಕಣ್ಣುಗಳನ್ನು ಕಾಯುವವಳು. ಹದಿಮೂರನೆಯ ಶತಮಾನದಲ್ಲಿ ವೆರೋನಾದ ಮಕ್ಕಳಿಗೆ ಕಣ್ಣಿನ ಬೇನೆ ಬಂದಿತ್ತಂತೆ. ಬರಿಗಾಲಿನಲ್ಲಿ ಇಗರ್ಜಿಗೆ ಹರಕೆ ಹೋಗಬೇಕು ಎಂದರೆ ಆ ಚಳಿಯಲ್ಲಿ ಮಕ್ಕಳು ಒಪ್ಪಲಿಲ್ಲವಂತೆ. ಹೋಗಿ ಬಂದರೆ ಸಂತಳು ನಿಮ್ಮ ಬೂಟಿನ ತುಂಬ ಆಟಿಕೆ, ಮಿಠಾಯಿ ಇಟ್ಟಿರುತ್ತಾಳೆ ಎಂದು ತಾಯಂದಿರು ಆಸೆ ಹುಟ್ಟಿಸಿದರಂತೆ. ಕಥೆ ನಿಜವೋ ಸುಳ್ಳೋ, ತಾಯಂದಿರ ಉಪಾಯವಂತೂ ಎಲ್ಲೆಲ್ಲೂ ಒಂದೇ. ಹಳೆಯ ಪಂಚಾಂಗದಲ್ಲಿ ಅವಳ ಹಬ್ಬ ವರ್ಷದ ಅತಿ ಚಿಕ್ಕ ಹಗಲಿನ ಆಸುಪಾಸಿಗೆ ಬೀಳುತ್ತಿತ್ತು. ಇವತ್ತಿಗೂ ಗಾದೆಯಲ್ಲಿ ಅದೇ ಅತಿ ಚಿಕ್ಕ ದಿನ.

12ನೆಯ ತಾರೀಖಿನ ರಾತ್ರಿ ಮೊಮ್ಮಗಳು ಅಡುಗೆಮನೆಯ ಮೇಜಿನ ಮೇಲೆ ಸಂತಳಿಗೆ ಹಾಲು ಬಿಸ್ಕತ್ತು, ಅವಳ ಕತ್ತೆಗೆ ಒಂದು ಗಜ್ಜರಿ ಇಟ್ಟು ಮಲಗಿದಳು. ಎಚ್ಚರವಾಗಿದ್ದು ಇಣುಕಿ ನೋಡಿದರೆ ಸಂತಳು ಕಣ್ಣಿಗೆ ಬೂದಿ ಎರಚುತ್ತಾಳೆ ಎಂಬ ಭಯ. ಹನ್ನೊಂದು ಗಂಟೆಗೆ ಮಗಳು ಉಡುಗೊರೆಗಳನ್ನು ಹೊರತೆಗೆದಳು. ಅಳಿಯ ಹಾಲು ಬಿಸ್ಕತ್ತು ಮುಗಿಸಿದರು. ಕತ್ತೆಯ ಪಾಲು ನನ್ನದಾಯಿತು. ಬೆಳಗ್ಗೆ ಹಲ್ಲಿನ ಗುರುತು ಕಾಣಬೇಕು, ಕಚ್ಚಿ ಎಂದಳು ಮಗಳು. ಕಟ್ಟಿಸಿದ ಹಲ್ಲಿನಲ್ಲಿ ಹಸಿ ಗಜ್ಜರಿಯನ್ನು ಕಚ್ಚುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಬೆಳಗ್ಗೆ ಮೊಮ್ಮಗಳು ಆ ಗಜ್ಜರಿಯನ್ನು ತಿರುಗಿಸಿ ನೋಡಿ, ಈ ಸಲದ ಕತ್ತೆಗೆ ವಯಸ್ಸಾಗಿರಬೇಕು ಎಂದಳು.

ಇನ್ನು ಊಟದ ವಿಷಯ. ಕೆಂಡದ ಮೇಲೆ ತೂತಿನ ಬಾಣಲೆಯಿಟ್ಟು ಹುರಿದ ಚೆಸ್ಟ್‌ನಟ್ ಕಾಯಿಗಳನ್ನು ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ. ಸಿಪ್ಪೆ ಸುಲಿದರೆ ಒಳಗೆ ಗೆಣಸಿನಂತೆ ಸಿಹಿ. ಅದರಲ್ಲಿ ಯಾವ ಮಾಂಸ ಇದೆ? ಆಮೇಲೆ ಪೊಲೆಂತಾ. ಮುಸುಕಿನ ಜೋಳದ ಹಿಟ್ಟು, ನೀರು, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ಪಾತ್ರೆಯಲ್ಲಿ ಮರದ ಕೋಲಿನಿಂದ ಮುಕ್ಕಾಲು ಗಂಟೆ ತಿರುವುತ್ತಾರೆ. ಆ ತೋಳಿನ ತಿರುವನ್ನು ನೋಡಿದಾಗ ನಮ್ಮ ಅವ್ವ ಮುದ್ದೆ ಕೂಡಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಹಲಗೆಯ ಮೇಲೆ ಸುರಿದು, ಗಟ್ಟಿಯಾದ ಮೇಲೆ ದಾರದಿಂದ ಕೊಯ್ಯುತ್ತಾರೆ. ಹೋಳುಗಳನ್ನು ಕಾವಲಿಯ ಮೇಲೆ ಸುಟ್ಟು ಅಣಬೆಯ ಪಲ್ಯದ ಜೊತೆ ಕೊಡುತ್ತಾರೆ. ಬಡವರ ಊಟ ಅದು. ಆ ಪ್ರಾಂತ್ಯದ ರೈತರು ಒಂದು ಕಾಲದಲ್ಲಿ ಬರೀ ಇದನ್ನೇ ತಿಂದು ಪೆಲಾಗ್ರ ಎಂಬ ರೋಗಕ್ಕೆ ಬಲಿಯಾಗಿದ್ದರು ಎಂದು ಮಗಳು ಹೇಳಿದಳು. ಈಗ ಅದಕ್ಕೆ ಹಬ್ಬದ ಮರ್ಯಾದೆ. ರಾಗಿಯ ಕಥೆಯೂ ಹೀಗೆಯೇ ಅಲ್ಲವೇ?

ತೊಡಕುಗಳಿಲ್ಲ ಎನ್ನುವುದಿಲ್ಲ. ಜೇನು, ಬಾದಾಮಿ ಹಾಕಿ ಕಟ್ಟಿದ ಮಂದೊರ್ಲಾತೊ ಎಂಬ ಬಿಳಿ ಚಿಕ್ಕಿ ನೋಡಲು ಪರಮ ಸಾತ್ವಿಕ, ಆದರೆ ಬಿಳುಪು ಬಂದದ್ದು ಮೊಟ್ಟೆಯ ಬಿಳಿಯಿಂದ. ಅಲ್ಲಿನ ಹಳೆಯ ಬಗೆಯ ಚೀಸುಗಳಿಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅನ್ನದ ರಿಸೊತ್ತೊ ಮಾಡುವಾಗ ಮಾಂಸದ ಸಾರು ಹಾಕಿರಬಹುದು. ಕೇಳಬೇಕು. ‘ಸೆಂತ್ಸಾ ಕಾರ್ನೆ’ ಎಂದರೆ ಮಾಂಸವಿಲ್ಲದೆ, ‘ಸೆಂತ್ಸಾ ವೊವಾ’ ಎಂದರೆ ಮೊಟ್ಟೆಯಿಲ್ಲದೆ. ಈ ನಾಲ್ಕು ಪದಗಳಿಂದ ಒಂದು ತಿಂಗಳು ಹೊಟ್ಟೆ ತುಂಬಿಸಿಕೊಂಡಿದ್ದೇನೆ. ಅವಲಕ್ಕಿಯ ಪೊಟ್ಟಣ ಒಯ್ದಿದ್ದು ನಿಜ. ಅದನ್ನು ಅಳಿಯ ತಿಂದರು.

ನಾನು ಈ ಪತ್ರ ಬರೆಯಲು ಕೂತದ್ದು ಇದಕ್ಕಿಂತ ಹೆಚ್ಚಾಗಿ ಒಂದು ಹಣ್ಣಿನಂಗಡಿಯ ಕಾರಣಕ್ಕೆ. ಸಕ್ಕರೆ ಪಾಕದಲ್ಲಿ ದಿನಗಟ್ಟಲೆ ಊರಿಸಿದ ಹಣ್ಣುಗಳನ್ನು ತಟ್ಟೆಗಳಲ್ಲಿ ಜೋಡಿಸಿಟ್ಟಿದ್ದರು. ಇಡೀ ಕಿತ್ತಳೆ, ಅಂಜೂರ, ಚೆರ್ರಿ, ನಮ್ಮ ಹೇರಳೆಕಾಯಿಯ ದಾಯಾದಿಯಂಥ ಮಾದಳದ ದಪ್ಪ ಸಿಪ್ಪೆ, ಎಲ್ಲವೂ ದೀಪದ ಬೆಳಕಿಗೆ ಗಾಜಿನಂತೆ ಹೊಳೆಯುತ್ತಿದ್ದವು. ನಮ್ಮ ಅಂಗಡಿಯಲ್ಲಿಯೂ ಇದೆ, ಟೂಟಿ ಫ್ರೂಟಿ ಎಂದು ಮೊಮ್ಮಗಳಿಗೆ ಹೇಳಿದೆ. ಅಂಗಡಿಯವನ ಕಿವಿಗೆ ಅದು ಬಿತ್ತು. ‘ತೂತ್ತಿ? ತೂತ್ತಿ ಫ್ರೂತ್ತಿ?’ ಎಂದು ಅಷ್ಟೂ ತಟ್ಟೆಗಳ ಮೇಲೆ ಕೈಯಾಡಿಸಿದ, ಎಲ್ಲವನ್ನೂ ನಾನೇ ಕೊಳ್ಳುತ್ತೇನೆ ಎಂದುಕೊಂಡು. ಮೊಮ್ಮಗಳು ನಕ್ಕು ಬಿಡಿಸಿ ಹೇಳಿದಳು. ತೂತ್ತಿ ಎಂದರೆ ಎಲ್ಲ, ಫ್ರೂತ್ತಿ ಎಂದರೆ ಹಣ್ಣುಗಳು. ‘ನಿಮ್ಮದರಲ್ಲಿ ಯಾವ ಯಾವ ಹಣ್ಣು ಇದೆ ತಾತ?’

ಏನು ಹೇಳಲಿ? ಬೇಕರಿ ಕೆಲಸ ಬಲ್ಲವರಿಗೆಲ್ಲ ಗೊತ್ತು. ಪರಂಗಿ. ಅದೂ ಹಣ್ಣಲ್ಲ, ಕಾಯಿ. ಸುಣ್ಣದ ನೀರಿನಲ್ಲಿ ನೆನೆಸಿ, ಬೇಯಿಸಿ, ಪಾಕಕ್ಕೆ ಹಾಕಿ, ಒಂದಿಷ್ಟಕ್ಕೆ ಕೆಂಪು, ಒಂದಿಷ್ಟಕ್ಕೆ ಹಸಿರು, ಮತ್ತೊಂದಿಷ್ಟಕ್ಕೆ ಹಳದಿ ಬಣ್ಣ ಕೊಟ್ಟದ್ದು. ಒಂದೇ ಕಾಯಿಯನ್ನು ‘ಎಲ್ಲ ಹಣ್ಣುಗಳು’ ಎಂದು ಮೂವತ್ತೆಂಟು ವರ್ಷ ಮಾರಿದವನು, ಆ ಮಾತು ಹುಟ್ಟಿದ ದೇಶದಲ್ಲಿ, ಒಂಬತ್ತು ವರ್ಷದ ಹುಡುಗಿಯ ಮುಂದೆ ನಿಂತಿದ್ದೆ. ಕಾಲು ಕಿಲೋ ಕಿತ್ತಳೆ ಸಿಪ್ಪೆ ಕೊಂಡು ಮುಂದೆ ನಡೆದೆ.

ಅದೇ ವಾರ ಪಂದೋರೊ ಪರಿಚಯವಾಯಿತು. ವೆರೋನಾದ ಸ್ವಂತ ಕ್ರಿಸ್‌ಮಸ್ ತಿಂಡಿ ಅದು. ಎಂಟು ಮೂಲೆಯ ನಕ್ಷತ್ರದ ಅಚ್ಚಿನಲ್ಲಿ ಬೇಯಿಸಿದ, ಎತ್ತರದ, ಹಳದಿ ಬಣ್ಣದ ರೊಟ್ಟಿ. ದೊಮೆನಿಕೊ ಮೆಲೆಗಾತ್ತಿ ಎಂಬಾತ 1894ರ ಅಕ್ಟೋಬರ್ 14ರಂದು ಅದಕ್ಕೆ ಪೇಟೆಂಟ್ ಪಡೆದ. ಕೊರ್ಸೊ ಪೋರ್ತಾ ಬೊರ್ಸಾರಿ ಬೀದಿಯಲ್ಲಿರುವ ಅವನ ಕಟ್ಟಡದ ನೆತ್ತಿಯ ಮೇಲೆ ಇವತ್ತಿಗೂ ಎರಡು ಕಲ್ಲಿನ ಪಂದೋರೊಗಳಿವೆ. ಕತ್ತೆತ್ತಿ ನೋಡದವರಿಗೆ ಕಾಣುವುದಿಲ್ಲ. ರಾಜರು ಸಿಂಹವನ್ನು ಕೆತ್ತಿಸುತ್ತಾರೆ, ಈತ ತನ್ನ ರೊಟ್ಟಿಯನ್ನು ಕೆತ್ತಿಸಿದ. ಆ ಬೀದಿಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೆಂದರೆ ಮಗಳು ಹುಡುಕಿಕೊಂಡು ವಾಪಸು ಬಂದಳು.

ಅಳಿಯನ ಪರಿಚಯದ ಒಬ್ಬ ಬೇಕರಿಯವರು ನನ್ನನ್ನು ಒಳಗೆ ಬಿಟ್ಟರು. ಭಾಷೆ ಬರದಿದ್ದರೂ ಹಿಟ್ಟು ಎಂಥದ್ದೆಂದು ಕೈಗೆ ತಿಳಿಯುತ್ತದೆ. ಅವರು ಅಂಗಡಿಯ ಈಸ್ಟ್ ಹಾಕುವುದಿಲ್ಲ. ವರ್ಷಗಳಿಂದ ಸಾಕಿಕೊಂಡು ಬಂದ ಹುಳಿಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಹಗ್ಗದಿಂದ ಬಿಗಿದಿಟ್ಟಿದ್ದರು, ಹೊಲಕ್ಕೆ ಹೊರಟ ಬುತ್ತಿಗಂಟಿನ ಹಾಗೆ. ಬಿಚ್ಚಿದಾಗ ಬಂದ ವಾಸನೆ ದೋಸೆಹಿಟ್ಟಿನ ಅಕ್ಕನದು. ಬೆಣ್ಣೆಯನ್ನು ಒಂದೇ ಸಲ ಸುರಿಯುವುದಿಲ್ಲ, ಹಿಟ್ಟು ಕುಡಿದಷ್ಟು ಕೊಟ್ಟು, ಉಬ್ಬಲು ಬಿಟ್ಟು, ಮತ್ತೆ ಕೊಡುತ್ತಾರೆ. ಕಲಸುವುದರಿಂದ ಬೇಯಿಸುವವರೆಗೆ ಎರಡು ದಿನ. ನನ್ನ ಪ್ಲಮ್ ಕೇಕಿಗೆ ಮೈದಾ, ವನಸ್ಪತಿ, ಮೊಸರು, ಸೋಡಾ ಸೇರಿ ಒಂದೂವರೆ ಗಂಟೆ.

ಗೋಡೆಯ ಮೇಲಿನ ಒಂದು ಕಾಗದವನ್ನು ತೋರಿಸಿದರು. ಅಳಿಯ ಓದಿ ಹೇಳಿದರು. 2005ರ ಜುಲೈ 22ರ ಸರ್ಕಾರಿ ಆದೇಶ. ಪಂದೋರೊ ಎಂಬ ಹೆಸರಿಡಬೇಕಾದರೆ ನೂರಕ್ಕೆ ಕನಿಷ್ಠ 20 ಪಾಲು ಬೆಣ್ಣೆ ಇರಬೇಕು, ಮೊಟ್ಟೆಯ ಹಳದಿಗೂ ಲೆಕ್ಕವಿದೆ, ಹುಳಿಹಿಟ್ಟಿನಿಂದ ಉಬ್ಬಿರಬೇಕು. ಮಿಲಾನಿನ ಕ್ರಿಸ್‌ಮಸ್ ರೊಟ್ಟಿಯಾದ ಪನೆತ್ತೋನೆಗೆ ಬೆಣ್ಣೆ 16, ಒಣದ್ರಾಕ್ಷಿ ಮತ್ತು ಪಾಕದ ಸಿಪ್ಪೆ 20ಕ್ಕೆ ಕಡಿಮೆ ಇರಕೂಡದು. ಅಷ್ಟು ಹಾಕಲಾಗದವನು ಬೇರೆ ಹೆಸರಿನಲ್ಲಿ ಮಾರಿಕೊಳ್ಳಲಿ, ಬೇಡವೆನ್ನುವವರಿಲ್ಲ. ಆದರೆ ಆ ಹೆಸರನ್ನು ಮುಟ್ಟುವಂತಿಲ್ಲ.

ಪಂದೋರೊ ತಿಂದೆನೇ ಎಂದು ಓದುಗರು ಕೇಳಬಹುದು. ಪೊಟ್ಟಣದ ಜೊತೆ ಬರುವ ಸಕ್ಕರೆ ಪುಡಿಯನ್ನು ಚೀಲದೊಳಗೆ ಸುರಿದು, ಬಾಯಿ ಕಟ್ಟಿ ಕುಲುಕುವುದು ಅಲ್ಲಿನ ಪದ್ಧತಿ. ಮೊಮ್ಮಗಳು ಕುಲುಕಿದಳು, ಹೊರತೆಗೆದಾಗ ಅದು ಹಿಮ ಬಿದ್ದ ಬೆಟ್ಟವಾಗಿತ್ತು. ಒಂದು ತುಂಡು ತಿಂದೆ. ಕೆಲಸ ಕಲಿಯುವವನು ರುಚಿ ನೋಡದೆ ಬರಬಾರದು ಎಂದು ನನ್ನ ಗುರುಗಳು ಹೇಳುತ್ತಿದ್ದರು. ಅವರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ. ನಮ್ಮ ಅಕ್ಕ ನಿಮ್ಮ ಪತ್ರಿಕೆಯಲ್ಲಿ ಮೊದಲು ಓದುವುದೇ ಈ ಪುಟ. ಅಕ್ಕಾ, ಒಂದೇ ತುಂಡು.

ಕೋವಿಡ್ ತಗ್ಗಿದ ಮೇಲೆ, 2021ರ ಡಿಸೆಂಬರಿನಲ್ಲಿ, ನಮ್ಮ ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ಇಟ್ಟೆ. ‘ಪ್ಲಮ್ ಕೇಕ್. ಇದರಲ್ಲಿ ಪ್ಲಮ್ ಇಲ್ಲ. ಒಣದ್ರಾಕ್ಷಿ, ಗೋಡಂಬಿ, ಬಣ್ಣ ಹಾಕಿದ ಪರಂಗಿ ಕಾಯಿ ಇದೆ. ಬೆಣ್ಣೆಯಲ್ಲ, ವನಸ್ಪತಿ. ಮೊಟ್ಟೆ ಇಲ್ಲ.’ ಜನ ನಿಂತು ಓದಿದರು, ಫೋಟೋ ತೆಗೆದುಕೊಂಡರು, ಎದುರಿನ ಬೇಕರಿಗೆ ಹೋಗಿ ಕೇಕ್ ಕೊಂಡರು. ಸಂಜೆಯ ಹೊತ್ತಿಗೆ ಮಗ ವನಸ್ಪತಿಯ ಸಾಲನ್ನು ಒರೆಸಿಬಿಟ್ಟಿದ್ದ. ಎರಡು ದಿನ ಮಾತುಕತೆ ಇರಲಿಲ್ಲ. ಮೂರನೆಯ ದಿನ ಅವನೇ ಬೆಣ್ಣೆ ತರಿಸಿದ. ಈಗ ಪ್ರತಿ ಡಿಸೆಂಬರಿನಲ್ಲಿ ಎರಡು ಬಗೆ ಮಾಡುತ್ತೇವೆ. ಹಳೆಯ ಕೇಕ್ ಹಳೆಯ ಬೆಲೆಗೆ. ಬೆಣ್ಣೆ ಮತ್ತು ಪಾಕದ ಕಿತ್ತಳೆ ಸಿಪ್ಪೆ ಹಾಕಿದ್ದಕ್ಕೆ ದುಪ್ಪಟ್ಟು. ದುಬಾರಿಯದು ದಿನಕ್ಕೆ ಇಪ್ಪತ್ತು ಹೋಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಮುಂದಿನ ಡಿಸೆಂಬರಿನಲ್ಲಿ ನಿಮ್ಮ ಪುರವಣಿ ಕೇಕಿನ ಚಿತ್ರಗಳನ್ನು ಹಾಕುವಾಗ, ಒಳಗೆ ಏನಿದೆ ಎಂದು ನಾಲ್ಕು ಅಂಗಡಿಗಳಲ್ಲಿ ಕೇಳಿ ಬರೆಯಿರಿ. ನಮ್ಮಲ್ಲಿಗೂ ಬನ್ನಿ, ಹಲಗೆ ಅಲ್ಲೇ ಇದೆ. ಕಿತ್ತಳೆ ಸಿಪ್ಪೆಯನ್ನು ಎದುರಿನ ಹಣ್ಣಿನ ರಸದ ಅಂಗಡಿಯಿಂದ ತರುತ್ತೇವೆ. ಮೊದಲು ಆತ ಅದನ್ನು ಚರಂಡಿಯ ಪಕ್ಕ ಸುರಿಯುತ್ತಿದ್ದ. ಈಗ ಕಿಲೋಗೆ ಹತ್ತು ರೂಪಾಯಿ ಕೇಳುತ್ತಾನೆ.

ಇತಿ,
ಹಳೆಯ ಬೇಕರಿಯವನು, ತುಮಕೂರು